ಬೆಳಕಾಗುವ ಮೊದಲು ಕೊಯ್ಯಬೇಕಿದ್ದ ಬಸಳೆ

ಪುತ್ತೂರಿನ ಒಂದು ಕಾಲೇಜಿನಲ್ಲಿ, ತರಗತಿಯ ಮಕ್ಕಳೆಲ್ಲರ ಎದುರು, ನನ್ನ ಮೊಮ್ಮಗಳನ್ನು ಅವಳ ಮೇಷ್ಟ್ರು ಸುಳ್ಳು ಬರೆದವಳು ಎಂದು ಹೇಳಿದರು. ಹೋದ ವರ್ಷ ಚಳಿಯ ದಿನಗಳಲ್ಲಿ ನಡೆದದ್ದು. ಆ ಸಿಟ್ಟು ನನಗಿನ್ನೂ ಆರಿಲ್ಲ. ಆರಿಸಿಕೊಳ್ಳಲು ಬರೆಯುತ್ತಿರುವುದೂ ಅಲ್ಲ. ಊರಿನಲ್ಲಿ ಈ ಸುದ್ದಿ ಬಾಯಿಂದ ಬಾಯಿಗೆ ಹೋಗಿ ಬೇರೆಯೇ ಆಗಿದೆ. ನಡೆದದ್ದು ನಡೆದ ಹಾಗೆ ಒಂದು ಕಡೆ ಇರಲಿ. ಅದರಲ್ಲಿ ನನ್ನ ತಪ್ಪೂ ಇದೆ, ಅದನ್ನೂ ಬರೆಯುತ್ತೇನೆ.

ಅವಳು ನನ್ನ ಮಗಳ ಮಗಳು. ಜೀವರಸಾಯನ ಎಂಬ ವಿಷಯದಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ವಾರವಿಡೀ ಹಾಸ್ಟೆಲು, ರಜೆ ಸಿಕ್ಕಿದರೆ ಪೆರಾಬೆಗೆ ನನ್ನ ಮನೆಗೆ. ಕೊನೆಯ ವರ್ಷದಲ್ಲಿ ಒಬ್ಬೊಬ್ಬರೂ ಒಂದೊಂದು ಪ್ರಯೋಗ ಮಾಡಿ ಅದನ್ನು ಬರೆದು ಒಪ್ಪಿಸಬೇಕಂತೆ. ಅದು ಸರಿಯಾಗಿದ್ದರೆ ಮೇಷ್ಟ್ರು ಒಂದು ಪತ್ರ ಕೊಡುತ್ತಾರೆ, ಆ ಪತ್ರವಿದ್ದರೆ ಮುಂದೆ ಸಂಶೋಧನೆಗೆ ಸೇರಬಹುದು. ಅವಳಿಗೆ ಬೇಕಿದ್ದದ್ದು ಅದೊಂದೇ. ಹುಟ್ಟಿದಂದಿನಿಂದ ನನ್ನ ಹತ್ತಿರ ಇದು ಬೇಕು ಎಂದು ಬಾಯಿಬಿಟ್ಟು ಕೇಳಿದವಳಲ್ಲ ಅವಳು. ಆ ಪತ್ರದ ವಿಷಯ ಮಾತ್ರ ಮೂರು ಸಲ ಹೇಳಿದಳು.

ಒಂದು ಭಾನುವಾರ ನಾನು ಜಗಲಿಯಲ್ಲಿ ಬೀಡಿ ಕಟ್ಟುತ್ತಾ ಕುಳಿತಿದ್ದೆ. ಅವಳು ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಳು.

"ಅಜ್ಜಿ, ನಿಮ್ಮ ಬಸಳೆ ಚಪ್ಪರ ನನಗೆ ಬೇಕು."

"ಎಂತಕ್ಕೆ? ಹೊತ್ತುಕೊಂಡು ಹೋಗ್ತೀಯಾ?"

"ಎಲೆ ಮಾತ್ರ. ಪೇಟೆಯ ಪಾಲಕು ಘಾಟಿ ಇಳಿದು ಬರುವಾಗಲೇ ಬಾಡಿರ್ತದೆ. ನನಗೆ ಒಂದೇ ಬಳ್ಳಿಯ ಎಲೆ ಬೇಕು, ಯಾವ ಹೊತ್ತಿಗೆ ಕೊಯ್ದದ್ದು ಅಂತ ಗೊತ್ತಿರಬೇಕು."

ಸಾರಿಗೆ ಎಲೆ ಕೊಯ್ಯಲು ಹೊತ್ತು ಯಾಕೆ ಎಂದು ಕೇಳಿದೆ. ಆಗ ಅವಳು ಹೇಳಿದ್ದು ನನಗೆ ಅರ್ಥವಾದಷ್ಟು ಇಷ್ಟು. ಎಲೆಯ ಒಳಗೆ ಕಣ್ಣಿಗೆ ಕಾಣದ ಕೋಶಗಳಿವೆ. ಅದರೊಳಗೆ ಕಿಣ್ವ ಎಂಬ ಕೆಲಸದವು ಇವೆ. ಬಿಸಿಲು ಬಿದ್ದಾಗ ಅವು ಗಾಳಿಯಿಂದ ಸಕ್ಕರೆ ಮಾಡುತ್ತವೆ. ಒಂದೊಂದು ಕಿಣ್ವಕ್ಕೂ ಅದರದ್ದೇ ಗಟ್ಟಿ ಆಕಾರ.

"ನಿಮ್ಮ ತುರಿಮಣೆ ಹಾಗೆ. ಹಲ್ಲು ಬಾಗಿದ್ರೆ ಕಾಯಿ ತುರಿಯುದಿಲ್ಲ ಅಲ್ವಾ? ಕಿಣ್ವವೂ ಅಷ್ಟೇ, ಆಕಾರ ಹೋದ್ರೆ ಕೆಲಸ ಹೋಯ್ತು. ಆದ್ರೆ ಅಲ್ಲೇ ಇನ್ನೊಂದು ಸಣ್ಣ ಪ್ರೋಟೀನು ಉಂಟು. ಅದಕ್ಕೆ ಆಕಾರವೇ ಇಲ್ಲ. ಜೋತು ಬಿದ್ದ ನೂಲು. ಈಗ ಹೀಗೆ, ಮತ್ತೆ ಹಾಗೆ. ಬೆಳಕು ಹೋದ ಕೂಡಲೇ ಅದು ಎರಡು ಕಿಣ್ವಗಳನ್ನು ಸೇರಿಸಿ ಕಟ್ಟಿ ಹಾಕ್ತದೆ, ಕೆಲಸ ಬಂದ್. ಬೆಳಕು ಬಂತು ಅಂದ್ರೆ ಬಿಟ್ಟುಬಿಡ್ತದೆ."

"ಆಕಾರ ಇಲ್ಲದ ಬಡಕಲು, ಕೆಲಸದವರ ಮೇಲೆ ಯಜಮಾನಿಕೆ ಮಾಡುದಾ?"

"ಆಕಾರ ಇಲ್ಲ ಅಂತಲೇ ಆಗುದು. ಗಟ್ಟಿ ಇದ್ರೆ ಒಂದಕ್ಕೆ ಮಾತ್ರ ಕೂರ್ತಿತ್ತು. ಸಡಿಲ ಇದ್ದದ್ರಿಂದ ಎರಡಕ್ಕೂ ಸುತ್ತಿಕೊಳ್ತದೆ, ಬಿಡಬೇಕಾದಾಗ ಬೇಗ ಬಿಡ್ತದೆ."

ನನ್ನ ಕೈಯಲ್ಲಿ ಆಗ ಬೀಡಿ ಇತ್ತು. ಎಲೆ ಕತ್ತರಿಸಿ, ಪುಡಿ ತುಂಬಿ, ಸುರುಳಿ ಸುತ್ತಿದ ಬೀಡಿ ನೋಡಲು ಬೀಡಿಯೇ. ಆದರೆ ನೂಲು ಸುತ್ತದೆ ಕೆಳಗಿಟ್ಟರೆ ಬಿಚ್ಚಿಕೊಳ್ಳುತ್ತದೆ. ನೂಲನ್ನು ಮೇಜಿನ ಮೇಲಿಟ್ಟು ಇದರ ಆಕಾರ ಯಾವುದು ಎಂದು ಕೇಳಿದರೆ ಯಾರೂ ಹೇಳಲಾರರು. ಇದನ್ನು ಅವಳಿಗೆ ಹೇಳಿದೆ. "ಅದೇ ಅಜ್ಜಿ," ಎಂದಳು. ನಮ್ಮ ಮೈಯಲ್ಲೂ ಇಂಥವು ಇವೆಯಂತೆ. ಕೋಶ ಯಾವಾಗ ಎರಡಾಗಬೇಕು, ಯಾವಾಗ ಸುಮ್ಮನಿರಬೇಕು ಎಂದು ಕಿಣ್ವಗಳಿಗೆ ಕಡಿವಾಣ ಹಾಕುವುದು ಇಂಥ ಸಡಿಲದವುಗಳೇ ಅಂತೆ. ಕಡಿವಾಣ ತಪ್ಪಿದರೆ ಗಡ್ಡೆ.

ಆಮೇಲೆ ಅಡಿಗೆ ಮನೆಗೆ ಹೋಗಿ ಒಂದು ಹಿಡಿ ಬಸಳೆ ಅರೆದು, ಬಟ್ಟೆಯಲ್ಲಿ ಹಿಂಡಿ, ಕುದಿಸಿ ತೋರಿಸಿದಳು. ಬಸಳೆಯ ಲೋಳೆಗೆ ಬಟ್ಟೆಯಿಂದ ರಸ ಇಳಿಯದೆ ಬೈದುಕೊಂಡಳು. ಕುದಿ ಬಂದಾಗ ಹಸಿರು ಎಲ್ಲ ಒಡೆದ ಹಾಲಿನ ಹಾಗೆ ಗಟ್ಟಿಯಾಯಿತು, ಅಡಿಯಲ್ಲಿ ಬಣ್ಣ ಸತ್ತ ನೀರು ಉಳಿಯಿತು. ನಾನು ನೀರು ಚೆಲ್ಲಲು ಹೋದೆ.

"ಚೆಲ್ಲಬೇಡಿ. ಅದರಲ್ಲೇ ಇರುದು."

ಆಕಾರ ಇದ್ದ ಪ್ರೋಟೀನುಗಳು ಬಿಸಿಗೆ ಆಕಾರ ಕೆಟ್ಟು ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟುತ್ತವೆ. ಆಕಾರವೇ ಇಲ್ಲದ್ದಕ್ಕೆ ಕೆಡಲು ಏನಿದೆ? ಅದು ನೀರಿನಲ್ಲಿ ಹಾಗೇ ಉಳಿಯುತ್ತದೆ. ಇದು ನನಗೆ ಒಂದೇ ಸಲಕ್ಕೆ ಅರ್ಥವಾಯಿತು. ಅವಳ ಮೇಷ್ಟ್ರಿಗೆ ಅರ್ಥವಾಗಿರಲಿಲ್ಲ. ಕುದಿಸಿದ್ದು ಸತ್ತದ್ದು, ಅದರಿಂದ ಕೆಲಸ ಸಿಕ್ಕುವುದಿಲ್ಲ ಎಂದು ಅವರು ಮೊದಲ ದಿನವೇ ಹೇಳಿದ್ದರಂತೆ. ಮಾಡುವುದಾದರೆ ಮಾಡು, ನನ್ನನ್ನು ಕೇಳಬೇಡ ಎಂದಿದ್ದರಂತೆ.

ನನ್ನ ಕೆಲಸ ಇಷ್ಟು. ದಿನವೂ ಐದೂವರೆಗೆ, ಪೂರ್ತಿ ಕತ್ತಲಿರುವಾಗ, ಹತ್ತು ಎಲೆ ಕೊಯ್ಯಬೇಕು. ಅನ್ನ ಕಟ್ಟುವ ಬೆಳ್ಳಿ ಕಾಗದದಲ್ಲಿ ಸುತ್ತಿ, ಉಪ್ಪು ಬೆರೆಸಿದ ಐಸು ತುಂಬಿದ ಫ್ಲಾಸ್ಕಿಗೆ ಹಾಕಬೇಕು. ಐಸಿಗೆ ಬಿದ್ದ ಮೇಲೆ ಎಲೆ ಯಾವ ಸ್ಥಿತಿಯಲ್ಲಿತ್ತೋ ಅಲ್ಲಿಗೇ ನಿಲ್ಲುತ್ತದೆ. ಮಧ್ಯಾಹ್ನ ಬಿಸಿಲಿನಲ್ಲಿ ಇನ್ನು ಹತ್ತು ಎಲೆ, ಇನ್ನೊಂದು ಫ್ಲಾಸ್ಕು. ಪೊಟ್ಟಣದ ಮೇಲೆ ಒಂದಕ್ಕೆ ಕತ್ತಲೆ, ಒಂದಕ್ಕೆ ಬಿಸಿಲು ಎಂದು ಬರೆದು ಪುತ್ತೂರು ಬಸ್ಸಿನ ಕಂಡಕ್ಟರರ ಕೈಯಲ್ಲಿ ಕೊಡುವುದು. ಅವರು ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಇಟ್ಟರೆ ಅವಳು ಬಂದು ಒಯ್ಯುತ್ತಾಳೆ. ನಮ್ಮಲ್ಲಿ ಮದ್ದು, ಮಲ್ಲಿಗೆ, ಮದುವೆ ಕಾಗದ ಎಲ್ಲ ಹೋಗುವುದು ಹಾಗೆಯೇ.

"ಕತ್ತಲೆ ಅಂದ್ರೆ ಕತ್ತಲೆ ಅಜ್ಜಿ. ಸ್ವಲ್ಪವೂ ಬೆಳಕು ಬೀಳಬಾರದು."

"ಆಯ್ತು ಮಾರಾಯ್ತಿ," ಎಂದೆ.

ಆಗಲಿಲ್ಲ. ನಾನು ಕೊಯ್ದದ್ದು ಏಳು ಗಂಟೆಗೆ, ಬಿಸಿಲು ಚಪ್ಪರಕ್ಕೆ ಬಿದ್ದ ಮೇಲೆ.

ಮದುವೆಯಾಗಿ ಈ ಮನೆಗೆ ಬಂದ ವಾರದಲ್ಲಿ ಒಂದು ಮುಸ್ಸಂಜೆ, ದೀಪ ಹಚ್ಚಿದ ಮೇಲೆ, ಬಸಳೆಗೆ ಕೈ ಹಾಕಿದ್ದಕ್ಕೆ ನನ್ನ ಅತ್ತೆ ಕೈಗೆ ಹೊಡೆದಿದ್ದರು. ಗಿಡಗಳು ಮಲಗಿರುತ್ತವೆ, ಸೂರ್ಯ ಹುಟ್ಟುವವರೆಗೆ ಮುಟ್ಟಿದರೆ ಬಳ್ಳಿ ಸಾಯುತ್ತದೆ, ಮುಟ್ಟಿದವಳ ಹೊಟ್ಟೆಯೂ ಫಲಿಸುವುದಿಲ್ಲ ಎಂದು. ಆಗ ನನಗೆ ಹದಿನೆಂಟು. ಅಂಥ ಮಾತು ಮೂಳೆಗೆ ಹೋಗುತ್ತದೆ. ಮಕ್ಕಳಾದರು, ಮೊಮ್ಮಕ್ಕಳಾದರು, ಅತ್ತೆ ಹೋಗಿ ಎಷ್ಟೋ ವರ್ಷವಾಯಿತು, ಕೈ ಮಾತ್ರ ಏಳುವುದಿಲ್ಲ. ಎಲೆ ಎಲೆಯೇ, ಒಂದೂವರೆ ಗಂಟೆ ಆಚೆ ಈಚೆ ಆದರೆ ಏನು ಎಂದುಕೊಂಡೆ. ಬಿಸಿಲಿನಲ್ಲಿ ಕೊಯ್ದು, ಪೆನ್ನಿನಿಂದ ಗುಂಡಗೆ "ಕತ್ತಲೆ" ಎಂದು ಬರೆದು ಕಳಿಸಿದೆ. ಹೀಗೆ ಮೂರು ವಾರ.

ನಡುವೆ ಒಂದು ಗುರುವಾರ ಮರ್ಕಂಜದಲ್ಲಿ ನನ್ನ ಅಣ್ಣ ಕಟ್ಟಿಸಿದ ಹೊಸ ಮನೆಯ ಒಕ್ಕಲು. ಮೊದಲ ಬಸ್ಸಿಗೇ ಹೊರಡಬೇಕಿತ್ತು. ಬೇರೆ ದಾರಿ ಇಲ್ಲದೆ ಅವತ್ತು ಕತ್ತಲಲ್ಲೇ ಚಪ್ಪರದ ಅಡಿಗೆ ಹೋದೆ. ಬಳ್ಳಿಯನ್ನು ಮೂರು ಸಲ ತಟ್ಟಿ, ಏಳು, ಅವಸರ ಉಂಟು ಎಂದು ಹೇಳಿ ಕೊಯ್ದೆ. ಮಲಗಿದ್ದ ಬಳ್ಳಿಗೆ ಕೈ ಹಾಕಿದ್ದು ತಪ್ಪು ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲಿತ್ತು.

ಡಿಸೆಂಬರ್ ಮುಗಿಯುವ ಹೊತ್ತಿಗೆ ಫೋನು ಬಂತು. ಅಳುತ್ತಿರಲಿಲ್ಲ ಅವಳು. ಓದಿ ಹೇಳುವವಳ ಹಾಗೆ ಹೇಳಿದಳು.

"ಕತ್ತಲೆಯ ಎಲೆಗೂ ಬಿಸಿಲಿನ ಎಲೆಗೂ ಒಂದೇ ಅಳತೆ ಬರ್ತಾ ಉಂಟು ಅಜ್ಜಿ. ಎರಡರಲ್ಲೂ ಕಿಣ್ವ ಬಿಚ್ಚಿಕೊಂಡೇ ಉಂಟು. ಒಂದು ದಿನ ಮಾತ್ರ ಸರಿ ಬಂತು, ಕಟ್ಟಿ ಹಾಕಿದ್ದು. ಮೇಷ್ಟ್ರು ಎಲ್ಲರ ಎದುರು ಕೇಳಿದ್ರು, ಇದೊಂದು ದಿನ ಹೇಗೆ ಬಂತು, ಪುಸ್ತಕ ನೋಡಿ ಬರೆದದ್ದಾ ಅಂತ. ಆಕಾರ ಇಲ್ಲದ್ದು ಕೆಲಸ ಮಾಡ್ತದೆ ಅಂತ ತೋರಿಸ್ಲಿಕ್ಕೆ ಸುಳ್ಳು ಬರೀತೀಯಾ ಅಂತ. ನಾನು ಬರೆದ ಪ್ರಯೋಗದ ಪುಸ್ತಕ ತೆಗೆದುಕೊಳ್ಳುದಿಲ್ಲ ಅಂತ ಹೇಳಿದ್ರು. ಪತ್ರವೂ ಇಲ್ಲ."

ನಾನು ಆ ಮೇಷ್ಟ್ರಿಗೆ ಬಾಯಿಗೆ ಬಂದದ್ದೆಲ್ಲ ಬೈದೆ. ಬೈಯಲು ನನಗೆ ಅಭ್ಯಾಸವಿದೆ. ಕಟ್ಟಿದ ಬೀಡಿ ಒಪ್ಪಿಸುವ ಕಂಪೆನಿಯ ಬ್ರಾಂಚಿನಲ್ಲಿ ಕಟ್ಟು ಕೊಡುವಾಗ ಒಬ್ಬ ಗಂಡಸು ಕುಳಿತು ನಮ್ಮ ಬೀಡಿ ಹಿಚುಕಿ ನೋಡುತ್ತಾನೆ, ಸರಿಯಿಲ್ಲ ಎಂದು ಪಕ್ಕಕ್ಕೆ ಎಸೆಯುತ್ತಾನೆ. ಯಾಕೆ ಎಂದು ಕೇಳುವ ಹಾಗಿಲ್ಲ. ನಲವತ್ತು ವರ್ಷ ಅದನ್ನು ನೋಡಿದ್ದೇನೆ. ಓದಿದರೆ ಈ ಗತಿ ಇರುವುದಿಲ್ಲ ಎಂದು ಮೊಮ್ಮಗಳಿಗೆ ಹೇಳುತ್ತಾ ಬಂದವಳು ನಾನೇ. ಓದಿದ ಮೇಲೂ ಅದೇ ಗಂಡಸು, ಅಂಗಿ ಮಾತ್ರ ಇಸ್ತ್ರಿಯದ್ದು.

"ಯಾವ ದಿನ ಸರಿ ಬಂದದ್ದು?" ಎಂದು ಕೊನೆಗೆ ಕೇಳಿದೆ.

"ನೀವು ಮರ್ಕಂಜಕ್ಕೆ ಹೋದ ದಿನ."

ಫೋನು ಇಟ್ಟ ಮೇಲೆ ಮೊರ ಮಡಿಲಿಗೆ ತೆಗೆದುಕೊಂಡೆ. ಒಂದು ಬೀಡಿಯನ್ನೂ ಕಟ್ಟಲಾಗಲಿಲ್ಲ. ನನಗೆ ವಿಜ್ಞಾನ ಗೊತ್ತಿಲ್ಲ, ಆದರೆ ಮೂರ್ಖಳಲ್ಲ. ಬಿಸಿಲಿನಲ್ಲಿ ಕೊಯ್ದ ಎಲೆಗಳೆಲ್ಲ ಒಂದೇ ಥರ, ಕತ್ತಲಲ್ಲಿ ಕೊಯ್ದ ಒಂದೇ ಒಂದು ದಿನ ಬೇರೆ. ಅವಳ ಪ್ರಯೋಗ ಮೊದಲ ದಿನದಿಂದಲೂ ಸರಿ ಇತ್ತು. ಕೆಟ್ಟದ್ದು ನನ್ನ ಕೈಬರಹ.

ಮರುದಿನ ಪುತ್ತೂರಿಗೆ ಹೋದೆ. ಕಾಲೇಜಿನ ಗೇಟಿನ ಹತ್ತಿರ ಅವಳನ್ನು ಕರೆಸಿ ಹೇಳಿದೆ. ಸುತ್ತಿ ಬಳಸಿ ಹೇಳಲಿಲ್ಲ.

"ಎಷ್ಟು ದಿನ?" ಎಂದು ಕೇಳಿದಳು.

"ಆ ಗುರುವಾರ ಬಿಟ್ಟು ಎಲ್ಲ ದಿನ."

"ಪೊಟ್ಟಣದ ಮೇಲೆ ಕತ್ತಲೆ ಅಂತ ಬರೆದದ್ದು?"

"ನಾನೇ."

ಅವಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಚಪ್ಪಲಿಯ ಬಾರು ಸರಿ ಮಾಡಿಕೊಂಡು, "ಬನ್ನಿ, ಮೇಷ್ಟ್ರಿಗೆ ಹೇಳಿ," ಎಂದು ಮುಂದೆ ನಡೆದಳು.

ಮೇಷ್ಟ್ರು ನನ್ನ ಮಗನ ಪ್ರಾಯದವರು. ಮರ್ಯಾದೆಯಿಂದಲೇ ಕುರ್ಚಿ ತೋರಿಸಿದರು. ನಾನು ಕೂರಲಿಲ್ಲ. ಅತ್ತೆಯ ಮಾತಿನಿಂದ ಹಿಡಿದು ಮನೆ ಒಕ್ಕಲಿನವರೆಗೆ ಹೇಳಿದೆ. ಅವರು ನಕ್ಕರು.

"ಅಜ್ಜಿ, ಮೊಮ್ಮಗಳ ಮೇಲಿನ ಪ್ರೀತಿ ನನಗೆ ಅರ್ಥ ಆಗ್ತದೆ. ಆದ್ರೆ ಇದು ಈಗ ಕಟ್ಟಿದ ಕತೆ."

"ಕತೆ ಕಟ್ಟುದಾದ್ರೆ ನಾನು ನನ್ನ ತಲೆಗೇ ತಪ್ಪು ಕಟ್ತಿದ್ನಾ ಮಾಷ್ಟ್ರೆ?"

"ಹಾಗಲ್ಲ. ಇಷ್ಟು ದಿನ ಸುಳ್ಳು ಬರೆದೆ ಅಂತ ನೀವೇ ಹೇಳ್ತೀರಿ. ಇವತ್ತು ಹೇಳುದು ನಿಜ ಅಂತ ಹೇಗೆ ನಂಬುದು?"

ಮಾತು ಸರಿಯಾಗಿತ್ತು. ಸರಿಯಾದ ಮಾತನ್ನು ಅಂಥವರು ಆಡಿದಾಗ ಸಿಟ್ಟು ಇನ್ನೂ ಹೆಚ್ಚು ಬರುತ್ತದೆ.

ಬಾಗಿಲ ಹತ್ತಿರ ನಿಂತಿದ್ದ ಮೊಮ್ಮಗಳು ಆಗ ಮಾತಾಡಿದಳು. "ನಂಬಬೇಡಿ ಸರ್. ನನ್ನನ್ನೂ ನಂಬಬೇಡಿ. ಅಜ್ಜಿ ಆರು ಪೊಟ್ಟಣ ಕಳಿಸಲಿ. ಯಾವುದನ್ನು ಯಾವ ಹೊತ್ತಿಗೆ ಕೊಯ್ದದ್ದು ಅಂತ ಬರೆದು ಮುಚ್ಚಿ ನಿಮ್ಮ ಹತ್ತಿರವೇ ಕೊಡಲಿ. ನನಗೆ ಹೇಳುದು ಬೇಡ. ನಾನು ಎಲೆ ನೋಡಿ ಹೇಳ್ತೇನೆ. ತಪ್ಪಿದ್ರೆ ಪುಸ್ತಕ ಸುಟ್ಟುಬಿಡಿ."

ಮೇಷ್ಟ್ರು ಒಪ್ಪಿದರು. ತಪ್ಪುತ್ತಾಳೆ ಎಂದುಕೊಂಡೇ ಒಪ್ಪಿದ್ದು, ಮುಖದಲ್ಲಿ ಕಾಣುತ್ತಿತ್ತು.

ಆ ವಾರ ನಾನು ಕತ್ತಲಲ್ಲಿ ಎದ್ದು ಚಪ್ಪರಕ್ಕೆ ಹೋದೆ. ತಟ್ಟಲಿಲ್ಲ, ಎಬ್ಬಿಸಲಿಲ್ಲ. ಬಳ್ಳಿಗೆ ಏನೂ ಆಗಲಿಲ್ಲ. ಅದನ್ನು ನೋಡಿ ನನಗೆ ಅತ್ತೆಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಗಿಡ ಮಲಗುತ್ತದೆ ಎಂದು ಅವರು ಹೇಳಿದ್ದು ಸುಳ್ಳಲ್ಲ, ಮೊಮ್ಮಗಳೂ ಅದನ್ನೇ ಹೇಳುವುದು. ಹೆದರಿಸಿದ್ದು ಮಾತ್ರ ಸುಳ್ಳು. ಅಷ್ಟಕ್ಕೆ ಐವತ್ತು ವರ್ಷ ಕೈ ಕಟ್ಟಿಕೊಂಡವಳು ನಾನು.

ಆರು ಪೊಟ್ಟಣಗಳಿಗೆ ಆರು ಬಣ್ಣದ ಬೀಡಿ ನೂಲು ಕಟ್ಟಿದೆ. ಒಂದು ಕಾಗದದಲ್ಲಿ ಕೆಂಪು ಎಂದರೆ ಇದು, ಹಸಿರು ಎಂದರೆ ಇದು ಎಂದು ಬರೆದು, ಲಕೋಟೆಗೆ ಅನ್ನ ಮೆತ್ತಿ ಅಂಟಿಸಿ, ಪೊಟ್ಟಣಗಳನ್ನೂ ಲಕೋಟೆಯನ್ನೂ ಬಸ್ಸಿನವರ ಕೈಯಲ್ಲಿ ಕೊಡದೆ, ನಾನೇ ಹೋಗಿ ಮೇಷ್ಟ್ರ ಕೈಗೆ ಕೊಟ್ಟೆ.

ವಾರ ಕಳೆದು ನನ್ನನ್ನು ಕರೆದರು. ಮೊಮ್ಮಗಳು ತನ್ನ ಹಾಳೆ ಇಟ್ಟಳು. ಮೇಷ್ಟ್ರು ಲಕೋಟೆ ಒಡೆದರು. ಬೆರಳಿಟ್ಟು ಒಂದೊಂದೇ ಓದಿದರು. ಕೆಂಪು, ಕತ್ತಲೆ. ಹಸಿರು, ಬಿಸಿಲು. ಬಿಳಿ, ಬಿಸಿಲು. ಕಪ್ಪು, ಕತ್ತಲೆ. ನೀಲಿ, ಕತ್ತಲೆ. ಐದೂ ಅವಳ ಹಾಳೆಯಲ್ಲಿದ್ದ ಹಾಗೆಯೇ. ಹಳದಿಯ ಎದುರು ಅವಳು, "ಎರಡೂ ಅಲ್ಲ. ಅರ್ಧ ಕಟ್ಟಿದೆ, ಅರ್ಧ ಬಿಚ್ಚಿದೆ," ಎಂದು ಬರೆದಿದ್ದಳು.

"ಇದೆಂತ?" ಎಂದರು ಮೇಷ್ಟ್ರು, ಗೆದ್ದವರ ಹಾಗೆ.

"ನನ್ನ ಕಾಗದ ನೋಡಿ," ಎಂದೆ.

ಹಳದಿಯ ಎದುರು ನಾನು ಬರೆದದ್ದು: ಆ ದಿನ ಏಳುವುದು ತಡವಾಯಿತು. ಕೊಯ್ಯುವಾಗ ಬೆಳಕು ಹರಿಯುತ್ತಿತ್ತು.

ಮೇಷ್ಟ್ರು ಕಾಗದವನ್ನು ತಿರುಗಿಸಿ ಹಿಂದೆಯೂ ನೋಡಿದರು. ಹಿಂದೆ ಏನೂ ಇರಲಿಲ್ಲ. "ಕುದಿಸಿದ ನೀರಿನದ್ದನ್ನೂ ನೋಡಿದ್ಯಾ?" ಎಂದು ಅವಳನ್ನು ಕೇಳಿದರು. ಆ ನೀರು ಬೆರೆಸಿದಾಗ ಬಿಚ್ಚಿದ ಕಿಣ್ವವೂ ಮತ್ತೆ ಕೆಲಸ ನಿಲ್ಲಿಸಿತು ಎಂದಳು. "ಸರಿ. ಪುಸ್ತಕ ಕೊಡು. ಪತ್ರ ಬರೀತೇನೆ," ಎಂದರು. ನನಗೆ ಒಂದು ನಮಸ್ಕಾರ ಹಾಕಿ ಎದ್ದರು.

"ಆಗಿಲ್ಲ ಮಾಷ್ಟ್ರೆ," ಎಂದೆ. "ಸುಳ್ಳು ಅಂತ ಹೇಳಿದ್ದು ಎಲ್ಲರ ಎದುರು. ಅಲ್ಲ ಅಂತ ಹೇಳುದೂ ಎಲ್ಲರ ಎದುರೇ."

"ಅದೆಲ್ಲ ಎಂತಕ್ಕೆ ಅಜ್ಜಿ, ಕೆಲಸ ಆಯ್ತಲ್ಲ."

"ನಿಮ್ಮ ಕೆಲಸ ಆಯ್ತು."

ಮೊಮ್ಮಗಳು ನನ್ನ ಸೆರಗು ಹಿಡಿದು ಎಳೆದಳು. ನಾನು ಹೊರಗೆ ಹೋಗಿ ತರಗತಿಯ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕುಳಿತೆ. ಗಂಟೆ ಹೊಡೆದಾಗ ಅವರು ತರಗತಿಗೆ ಬರಲೇಬೇಕಾಯಿತು. ಬೋರ್ಡಿನಲ್ಲಿ ಏನೋ ಬರೆಯುತ್ತಾ, ಮಕ್ಕಳಿಗೆ ಬೆನ್ನು ಹಾಕಿಯೇ, "ಹಾಂ, ಆ ಬಸಳೆಯ ಫಲಿತಾಂಶದಲ್ಲಿ ತೊಂದರೆ ಇರಲಿಲ್ಲ," ಎಂದರು.

"ಯಾರದ್ದು ಅಂತ ಹೇಳಿ ಮಾಷ್ಟ್ರೆ," ಎಂದೆ ಕಿಟಕಿಯಿಂದ.

ಮಕ್ಕಳು ನಕ್ಕರು. ಮೇಷ್ಟ್ರ ಕಿವಿ ಕೆಂಪಾಯಿತು. ತಿರುಗಿ, ಅವಳ ಹೆಸರು ಹಿಡಿದು, ಅವಳು ಬರೆದದ್ದು ಸರಿ ಇತ್ತು ಎಂದರು. ತಾನು ಅವತ್ತು ಹೇಳಿದ್ದು ತಪ್ಪು ಎನ್ನಲಿಲ್ಲ. ಅಷ್ಟು ಬಗ್ಗುವುದು ಅವರಿಂದ ಆಗಲಿಲ್ಲ. ಮೊಮ್ಮಗಳು ತಲೆ ತಗ್ಗಿಸಿ ಕುಳಿತಿದ್ದಳು. ಅವಳಿಗೆ ನನ್ನಿಂದ ನಾಚಿಕೆಯಾಗಿತ್ತು, ಅದು ನನಗೆ ಕಂಡಿತು. ಕಂಡರೂ ಎದ್ದು ಹೋಗಲಿಲ್ಲ.

ಸಂಜೆ ಬಸ್‌ಸ್ಟ್ಯಾಂಡಿನವರೆಗೆ ಬಂದಳು. ನಮ್ಮೂರಿನ ಮೇಲೆ ಹೋಗುವ ಕಡಬದ ಬಸ್ಸು ಇನ್ನೂ ಬಂದಿರಲಿಲ್ಲ. ಇಬ್ಬರೂ ಕಂಬಕ್ಕೆ ಒರಗಿ ನಿಂತೆವು.

"ಇನ್ನೂ ಸಿಟ್ಟಾ?" ಎಂದು ಕೇಳಿದೆ.

"ಮೇಷ್ಟ್ರು ನನ್ನನ್ನು ನಂಬಲಿಲ್ಲ," ಎಂದಳು. "ಅವರು ಒಂದು ದಿನ ನಂಬದೆ ಇದ್ದದ್ದು. ನೀವು ಮೂರು ವಾರ, ದಿನವೂ, ನಿಮ್ಮ ಕೈಯಾರೆ ಬರೆದು ಕಳಿಸಿದ್ರಿ. ನನ್ನಿಂದ ಆಗುದಿಲ್ಲ, ಹೆದರಿಕೆ ಆಗ್ತದೆ ಅಂತ ಒಂದು ಮಾತು ಹೇಳಿದ್ರೆ ನಾನೇ ಹಾಸ್ಟೆಲು ಬಿಟ್ಟು ಮನೆಯಲ್ಲಿ ನಿಂತು, ಎಲೆ ಕೊಯ್ದು ಕಾಲೇಜಿಗೆ ಹೋಗಿ ಬರ್ತಿದ್ದೆ. ಯಾವುದು ದೊಡ್ಡದು ಅಜ್ಜಿ?"

"ನನ್ನದು," ಎಂದೆ. "ಅವರದ್ದೂ ಸಣ್ಣದಲ್ಲ."

ಬಸ್ಸು ಬಂತು. ನನ್ನ ಚೀಲ ಹತ್ತಿಸಿ, ಕಿಟಕಿಯ ಸೀಟು ಹಿಡಿದು ಕೊಟ್ಟು, ಇಳಿದು ಹೋದಳು.